ಬದುಕಿದ್ದವಳಿಗೆ ಎಡೆ

ಅನ್ನದಲ್ಲಿ ನೆಟ್ಟಗೆ ನಿಲ್ಲಿಸಿದ್ದ ಚಮಚವನ್ನು ಮಲ್‌ಸುನ್ ಕಿತ್ತು ತೆಗೆದದ್ದು ಬುಧವಾರ ಮಧ್ಯಾಹ್ನ. ನಾಟಕ ಇದ್ದದ್ದು ಶನಿವಾರ.

ಪೋರ್ಟ್ ಅಡಿಲೇಡಿನ ಹಡಗುಕಟ್ಟೆಯ ಹಿಂದಿನ ಆ ಹಳೇ ಸಾರ್ವಜನಿಕ ಹಾಲಿನಲ್ಲಿ ಆಗ ಇದ್ದದ್ದು ಮೂರೇ ಜನ. ರಂಗದ ಮೇಲೆ ಜನೆಲ್ ನಾಸ್ಕಿ. ನಾಟಕ ಬರೆದವಳೂ ಅವಳೇ, ಅದರಲ್ಲಿ ಬರುವ ಎಲ್ಲರನ್ನೂ ಆಡುವವಳೂ ಅವಳೇ. ಹಾಲಿನ ಹಿಂಬದಿಯಲ್ಲಿ, ದೀಪದ ಗುಂಡಿಗಳ ಮುಂದೆ, ನಿರ್ದೇಶಕ ಲೆಫ್ಟಿ. ಪೂರ್ತಿ ಹೆಸರು ಎಲೆಫ್ತೇರಿಯೋಸ್ ಕನೆಲ್ಲಿಸ್, ಆದರೆ ಅಷ್ಟುದ್ದ ಕರೆಯುವ ಪುರುಸೊತ್ತು ಅವನನ್ನು ಹೆತ್ತವಳಿಗೂ ಇರಲಿಲ್ಲ. ಮೂರನೆಯವಳು ಪ್ಯೋ ಮಲ್‌ಸುನ್, ನಗರದ ಮಾರುಕಟ್ಟೆಯ ಓಣಿಯಲ್ಲಿ ಕಿಮ್ಚಿ ಎಂಬ ಹುಳಿಬರಿಸಿದ ತರಕಾರಿಯ ಉಪ್ಪಿನಕಾಯಿ, ಸೊಪ್ಪು, ಒಣಮೀನಿನ ಪಲ್ಯ ಮಾಡಿ ಮಾರುವ, ಎಪ್ಪತ್ತು ದಾಟಿದ ಹೆಂಗಸು. ಜನೆಲ್ ಅವಳನ್ನು ಕರೆಯುತ್ತಿದ್ದದ್ದು ಇಮೋ ಎಂದು. ತಾಯಿಯ ತಂಗಿಯನ್ನು ಕೊರಿಯಾದ ಕಡೆ ಹಾಗೆ ಕರೆಯುತ್ತಾರೆ.

ಮಲ್‌ಸುನ್ ಬಂದಿದ್ದದ್ದು ತನ್ನ ಕಂಚಿನ ಬಟ್ಟಲುಗಳನ್ನು ಕೊಟ್ಟು, ಸತ್ತವರಿಗೆ ಎಡೆ ಇಡುವ ಮೇಜನ್ನು ಹೇಗೆ ಸಜ್ಜುಮಾಡಬೇಕೆಂದು ತೋರಿಸಿಹೋಗುವುದಕ್ಕೆ. ಅವಳಿಗೂ ಅದು ಸರಿಯಾಗಿ ನೆನಪಿರಲಿಲ್ಲ. ಮೀನು ಪೂರ್ವಕ್ಕೆ, ಮಾಂಸ ಪಶ್ಚಿಮಕ್ಕೆ ಎಂದು ಶುರುಮಾಡಿ, ಈ ಹಾಲಿನಲ್ಲಿ ಪೂರ್ವ ಯಾವ ಕಡೆ ಎಂದು ಲೆಫ್ಟಿಯನ್ನು ಕೇಳಿ, ಸೇಬನ್ನು ಎರಡು ಸಲ ಆ ಬದಿಯಿಂದ ಈ ಬದಿಗೆ ಸರಿಸಿ, "ನಾನು ಇದನ್ನ ಮಾಡಿ ನಲವತ್ತು ವರ್ಷ ಆಯ್ತು ಕಣೇ. ನಮ್ಮ ಪಾದ್ರಿಗಳ ಕಣ್ಣಿಗೆ ಬಿದ್ರೆ ಭಾನುವಾರದ ಪ್ರವಚನ ಪೂರ್ತಿ ನನ್ನ ಮೇಲೇ," ಎಂದು ಗೊಣಗಿ, ಕೊನೆಗೆ ಕೈಕಟ್ಟಿ ಮುಂದಿನ ಸಾಲಿನಲ್ಲಿ ಕೂತಿದ್ದಳು. ಎಡೆ ಜನೆಲ್‌ಳ ಅಪ್ಪ ಲಯೊನೆಲ್‌ಗೆ ಎಂದೇ ಅವಳು ತಿಳಿದಿದ್ದಳು. ಆತ ತೀರಿಹೋಗಿ ಎರಡು ಚಳಿಗಾಲ ಕಳೆದಿತ್ತು.

ಜನೆಲ್ ಕೊನೆಯ ದೃಶ್ಯ ಆಡಿದಳು. ಬಿಸಿ ಅನ್ನದ ಬಟ್ಟಲನ್ನು ಮೇಜಿನ ನಡುವೆ ಇಟ್ಟಳು. ಲೆಫ್ಟಿ ಹಟ ಹಿಡಿದು ಅನ್ನ ಆಗಷ್ಟೇ ಬೇಯಿಸಿದ್ದೇ ಆಗಬೇಕೆಂದಿದ್ದ, ಹಬೆ ದೀಪಕ್ಕೆ ಸಿಗಬೇಕೆಂದು. "ಅಮ್ಮಾ, ನಿನ್ನ ಹೆಸರು ನನಗೆ ಗೊತ್ತಿಲ್ಲ. ಹಸಿವು ಮಾತ್ರ ಗೊತ್ತು. ಬಾ, ಊಟಮಾಡು," ಎಂದಳು. ಚಮಚವನ್ನು ಅನ್ನದ ನಡುಮಧ್ಯಕ್ಕೆ ನೆಟ್ಟಳು. ದೀಪ ಆರಿತು.

ಮತ್ತೆ ದೀಪ ಹೊತ್ತಿದಾಗ ಮಲ್‌ಸುನ್ ರಂಗದ ಮೇಲಿದ್ದಳು. ಮೂರು ಮೆಟ್ಟಿಲನ್ನು ಕತ್ತಲಲ್ಲೇ ಹತ್ತಿಬಂದಿದ್ದಳು.

"ಯಾರಿಗೆ ಇಟ್ಟೆ ಇದನ್ನ?"

"ಅಮ್ಮಂಗೆ ಇಮೋ. ಕೊರಿಯಾದ ಅಮ್ಮಂಗೆ."

"ಸತ್ಳಾ?"

"ಗೊತ್ತಿಲ್ಲ."

"ಗೊತ್ತಿಲ್ಲ," ಎಂದು ಮಲ್‌ಸುನ್, ಉಪ್ಪು ಸಾಲದ ಕಿಮ್ಚಿಯ ರುಚಿ ನೋಡಿದವಳ ಹಾಗೆ ಆ ಮಾತನ್ನು ಬಾಯಲ್ಲೇ ತಿರುಗಿಸಿದಳು. "ಗೊತ್ತಿಲ್ದೇ ಚಮಚ ನೆಟ್ಟೆ. ನಮ್ಮಲ್ಲಿ ಮಕ್ಕಳು ಆಟಕ್ಕೆ ಅನ್ನದಲ್ಲಿ ಚಮಚ ನಿಲ್ಲಿಸಿದ್ರೂ ತಲೆ ಮೇಲೆ ಮೊಟಕ್ತಾರೆ. ಅದು ಸತ್ತವರು ತಿನ್ನೋ ರೀತಿ. ಬದುಕಿದ್ದವಳನ್ನ ಕರೆದು ಹೀಗೆ ಕೂರಿಸಿದ್ರೆ ಏನರ್ಥ ಗೊತ್ತಾ? ಹೋಗು ಅಂತ."

ಲೆಫ್ಟಿ ಹಿಂದಿನಿಂದ ನಡೆದುಬಂದ. "ಮೇಡಂ, ಇದು ನಾಟಕ. ನಾನೇ ಈ ಊರಲ್ಲಿ ಎಷ್ಟು ಸಲ ರಂಗದ ಮೇಲೆ ಸತ್ತಿದ್ದೀನಿ. ಇಗೋ, ಗುಂಡಗಿದ್ದೀನಿ."

"ನೀನು ಸತ್ತಾಗ ನಿಮ್ಮಮ್ಮ ಮುಂದಿನ ಸಾಲಲ್ಲಿ ಕೂತು ಅತ್ಳು, ಆಮೇಲೆ ಮನೆಗೆ ಕರ್ಕೊಂಡು ಹೋಗಿ ಊಟ ಹಾಕಿದ್ಳು. ಇವಳ ಅಮ್ಮ ಎಲ್ಲಿ ಕೂತು ಅಳ್ಬೇಕು?"

ಮಲ್‌ಸುನ್ ಚಮಚವನ್ನು ಕಿತ್ತು, ಅಂಟಿದ ಅನ್ನದ ಅಗುಳನ್ನು ಬೆರಳಿನಿಂದ ಒರೆಸಿ ಬಾಯಿಗೆ ಹಾಕಿಕೊಂಡು, ಚಮಚವನ್ನು ಕೋಟಿನ ಜೇಬಿಗಿಳಿಸಿದಳು. "ಬಟ್ಟಲು ಇಟ್ಕೊಳ್ಳಿ. ಮುಚ್ಚಳಾನೂ ಇಟ್ಕೊಳ್ಳಿ. ಚಮಚ ಕೊಡಲ್ಲ."

ಬಾಗಿಲು ಮುಚ್ಚಿಕೊಂಡ ಮೇಲೆ ಲೆಫ್ಟಿ ಹೇಳಿದ್ದಿಷ್ಟೇ: "ಚಮಚ ತಾನೇ. ಹಳೇ ಸಾಮಾನಿನ ಅಂಗಡೀಲಿ ರಾಶಿ ಸಿಗುತ್ತೆ, ನಾಳೆ ತರ್ತೀನಿ. ಆದ್ರೆ ಜನೆಲ್, ಆ ಕೊನೇ ಚಿತ್ರ ಮಾತ್ರ ಮುಟ್ಟಬೇಡ. ಚಮಚ ನಿಂತ ಕ್ಷಣ ಹಾಲಿಗೆ ಹಾಲೇ ಉಸಿರು ಬಿಡಲ್ಲ. ಅದೇ ನಾಟಕ. ಉಳಿದದ್ದೆಲ್ಲ ಅಲ್ಲಿಗೆ ಹೋಗೋ ದಾರಿ."

ಅದು ನಿಜವೆಂದು ಜನೆಲ್‌ಗೂ ಗೊತ್ತಿತ್ತು. ಮನೆಗೆ ಹೋಗುವ ರೈಲಿನಲ್ಲಿ ಕೈ ಮಡಚಿ ಕೂತು ಅದನ್ನೇ ಯೋಚಿಸಿದಳು.

ಜನೆಲ್ ಕೊರಿಯಾದ ಸೋಲ್ ನಗರದಿಂದ ದತ್ತುಮಗುವಾಗಿ ವಿಮಾನದಲ್ಲಿ ಬಂದಿಳಿದಾಗ ಅವಳಿಗೆ ಹಲ್ಲು ಮೂಡಿರಲಿಲ್ಲ. ಬೆಳೆದದ್ದು ಮರ್ರೀ ನದಿಯ ದಡದ ವೈಕೆರಿಯಲ್ಲಿ, ಲಯೊನೆಲ್ ಮತ್ತು ವೆರ್ನಾ ನಾಸ್ಕಿಯ ಕಿತ್ತಳೆ ತೋಟದಲ್ಲಿ, ಲೂಥರನ್ ಚರ್ಚಿನ ಸಂಡೇ ಸ್ಕೂಲಿನಲ್ಲಿ. ಮಾತು ಅಪ್ಪಟ ನದೀಸೀಮೆಯದು: ಎಳೆದು, ಮೂಗಿನಲ್ಲಿ, ಪದದ ಬಾಲ ನುಂಗುವಂಥದು. ನಾಟಕಶಾಲೆಯ ಮೊದಲ ವಾರವೇ ಮೇಷ್ಟರೊಬ್ಬರು ಅವಳಿಗೆ, "ನಿನ್ನ ಮುಖ ಒಂದು ಕಡೆ ಹೋಗ್ತದೆ, ಬಾಯಿ ಒಂದು ಕಡೆ ಹೋಗ್ತದಲ್ಲಮ್ಮ," ಎಂದಿದ್ದರು. ಕೆಲಸ ಕೊಡುವವರಿಗೆ ಬೇಕಾದದ್ದು ಮುಖ. ಹಾಗಾಗಿ ಮೊದಲ ಹತ್ತು ವರ್ಷ ಅವಳು ಟೀವಿಯಲ್ಲಿ ಮಾತಿಲ್ಲದ ದಾದಿಯಾದಳು. ಕೆಟ್ಟ ಸುದ್ದಿ ತರುವ ಚೀನೀ ಡಾಕ್ಟರಾದಳು. ಕಥೆ ಶುರುವಾಗುವುದಕ್ಕೆ ಮೊದಲೇ ಗುಂಡೇಟಿಗೆ ಬೀಳುವ ವಿಯೆಟ್ನಾಮಿನ ಅಂಗಡಿಯಾಕೆಯಾದಳು. ವೈಕೆರಿಯಲ್ಲಿ ಲಯೊನೆಲ್ ಪ್ರತಿ ಸಲವೂ ನೆರೆಯವರನ್ನು ಕೂರಿಸಿಕೊಂಡು ನೋಡುತ್ತಿದ್ದ. "ಇಗೋ ಬಂದ್ಳು. ಇಗೋ ಸತ್ಳು. ಚಹಾ ಕುಡೀರಿ," ಎನ್ನುತ್ತಿದ್ದ.

ಮೂವತ್ತರ ಹೊತ್ತಿಗೆ ದೊಡ್ಡ ಪಾತ್ರವೊಂದು ಬಂತು. ರೈಲು ನಿಲ್ದಾಣದಲ್ಲಿ ಮಗುವನ್ನು ಕಳೆದುಕೊಂಡ ಕೊರಿಯನ್ ತಾಯಿ, ಹರುಕುಮುರುಕು ಇಂಗ್ಲಿಷು. ಜನೆಲ್‌ಗೆ ಕೊರಿಯನ್ ಸುತರಾಂ ಬಾರದು, ಇಂಗ್ಲಿಷ್ ಹರುಕಾಗಿ ಮಾತಾಡುವುದು ಅದಕ್ಕಿಂತ ಬಾರದು. ಮಾರುಕಟ್ಟೆಯ ಓಣಿಗೆ ಹೋಗಿ, ಮೊದಲು ಕಂಡ ಕೊರಿಯನ್ ಅಂಗಡಿಯ ಮುಂದೆ ನಿಂತು, ನಾಚಿಕೆಯಿಂದ ಮುಖ ಕೆಂಪಗೆ ಮಾಡಿಕೊಂಡು ಕೇಳಿದಳು: "ನಿಮ್ಮ ಹಾಗೆ ತಪ್ಪುತಪ್ಪಾಗಿ ಮಾತಾಡೋದು ನನಗೆ ಕಲಿಸ್ತೀರಾ?"

ಮಲ್‌ಸುನ್ ಸೌಟು ಕೆಳಗಿಡಬೇಕಾಗಿ ಬಂತು, ಅಷ್ಟು ನಕ್ಕಳು. "ಇಪ್ಪತ್ತೈದು ವರ್ಷ ಒದ್ದಾಡಿ ಕಲಿತಿರೋ ತಪ್ಪು ಇದು. ಸುಮ್ನೆ ಕೊಡ್ತೀನಾ? ಒಳಗೆ ಬಾ, ಈರುಳ್ಳಿ ಹೆಚ್ಚು."

ಎರಡು ತಿಂಗಳು ಈರುಳ್ಳಿ ಹೆಚ್ಚಿದ್ದಾಯಿತು. ಪಾತ್ರ ಬಹಳ ಹೆಸರು ತಂತು. ಎಷ್ಟು ಸಹಜ, ಎಂದು ಪತ್ರಿಕೆಯವರು ಬರೆದರು. ಮಲ್‌ಸುನ್ ಮಾತ್ರ, "ನನ್ನ ಬಾಯಿ ಟೀವೀಲಿ ಬಂತು, ನಾನು ಬರ್ಲಿಲ್ಲ," ಎಂದಳು. ಅಲ್ಲಿಂದ ಮುಂದೆ ಜನೆಲ್ ಇನ್ನೊಬ್ಬರ ಬಾಯಿ ಸಾಲ ಕೇಳಲಿಲ್ಲ. ತಾನೇ ಬರೆಯತೊಡಗಿದಳು. ಮೊದಲನೆಯದು ತಮಾಷೆಯ ನಾಟಕ, ಹೆಂಡದಂಗಡಿಯ ಹಿಂದಿನ ಕೋಣೆಯಲ್ಲಿ ಆಡಿದ್ದು. ಎರಡನೆಯದು ಹಣ್ಣು ಪೆಟ್ಟಿಗೆಗೆ ತುಂಬುವ ಹೆಂಗಸರದು. ಅದು ಮೆಲ್ಬರ್ನಿಗೂ ಹೋಯಿತು. ಈಗಿನದು ಮೂರನೆಯದು.

ಈ ಮೂರನೆಯದಕ್ಕಾಗಿ ಅವಳು ಎರಡು ಸಲ ಕೊರಿಯಾಕ್ಕೆ ಹೋಗಿಬಂದಿದ್ದಳು. ಹೆತ್ತವಳ ಗುರುತು ಹತ್ತಲಿಲ್ಲ. ಇದ್ದಾಳೆ ಎಂದು ಹೇಳುವವರಿಲ್ಲ, ಇಲ್ಲ ಎಂದು ಹೇಳುವವರೂ ಇಲ್ಲ. ಮೊದಲು ಬರೆದಾಗ ನಾಟಕದಲ್ಲಿ ಆ ತಾಯಿ ಬದುಕಿಯೇ ಇದ್ದಳು. ಬದುಕಿದ್ದವಳನ್ನು ರಂಗದ ಮೇಲೆ ತಂದರೆ ಅವಳು ಏನಾದರೂ ಮಾಡಬೇಕು: ಬಾಗಿಲು ತೆರೆಯಬೇಕು, ಇಲ್ಲವೇ ತೆರೆಯದೇ ಇರಬೇಕು. ಎರಡು ವರ್ಷ ಜನೆಲ್ ಆ ಬಾಗಿಲನ್ನೇ ಬರೆದಳು, ಹರಿದಳು. ಆಮೇಲೊಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ, ಸತ್ತಿದ್ದಾಳೆ ಎಂದುಕೊಂಡಳು. ಒಂದೇ ವಾರದಲ್ಲಿ ನಾಟಕ ಮುಗಿಯಿತು.

ಗುರುವಾರ ಅವಳು ಮಾರುಕಟ್ಟೆಗೆ ಹೋದಳು. ಮಲ್‌ಸುನ್ ಅಂಗಡಿಯ ಒಳಗೆ, ಬಿಸಿನೀರಿನಿಂದ ತೆಗೆದ ಸೊಪ್ಪನ್ನು ಹಿಂಡಿ ಹಿಂಡಿ ಉಂಡೆ ಮಾಡುತ್ತಿದ್ದಳು. ತಲೆ ಎತ್ತದೆ, "ಚಮಚಕ್ಕೆ ಬಂದಿದ್ರೆ ಹಾಗೇ ತಿರುಗು," ಎಂದಳು.

"ಚಮಚಕ್ಕಲ್ಲ. ನಿಮಗೆ ಬೇಜಾರಾಗಿದೆ, ಅದಕ್ಕೆ."

"ಬೇಜಾರು ನಿನ್ನ ಮೇಲಲ್ಲ. ಕೈ ತೊಳ್ಕೊಂಡು ಬಾ. ಎಳ್ಳು ಹುರಿ."

ಜನೆಲ್ ಎಳ್ಳು ಹುರಿದಳು. ಮಲ್‌ಸುನ್ ಸೊಪ್ಪು ಹಿಂಡುತ್ತಲೇ ಹೇಳತೊಡಗಿದಳು. ಗಿರಾಕಿ ಬಂದರೆ ಎದ್ದುಹೋಗಿ ತೂಗಿಕೊಟ್ಟು, ಮತ್ತೆ ಬಂದು ಬಿಟ್ಟಲ್ಲಿಂದಲೇ ಹಿಡಿದುಕೊಂಡು.

"ನನಗೊಬ್ಬ ಅಣ್ಣ ಇದ್ದ. ನಾನು ನೋಡಿಲ್ಲ. ಯುದ್ಧದ ಚಳಿಗಾಲದಲ್ಲಿ ನಮ್ಮವರು ಉತ್ತರ ಕೊರಿಯಾದಿಂದ ದಕ್ಷಿಣಕ್ಕೆ ಓಡಿಬಂದಾಗ ಅವನಿಗೆ ಜ್ವರ. ಅಜ್ಜಿ ಹತ್ರ ಬಿಟ್ಟು ಬಂದ್ರು, ನಾಲ್ಕು ದಿನದಲ್ಲಿ ಹಿಂದಿರುಗ್ತೀವಿ ಅಂತ. ಗಡಿ ಮುಚ್ಚಿಹೋಯ್ತು. ನಾನು ಹುಟ್ಟಿದ್ದು ಇತ್ಲಾಗೆ ಬಂದ್ಮೇಲೆ. ನಮ್ಮಮ್ಮ ದಿನಾ ರಾತ್ರಿ ಅಡುಗೆಯಾದ್ಮೇಲೆ ಮೊದಲು ಅವನ ಬಟ್ಟಲಿಗೆ ಬಡಿಸೋಳು. ಮುಚ್ಚಳ ಮುಚ್ಚಿ, ಒಲೆ ಪಕ್ಕದ ಬೆಚ್ಚಗಿನ ನೆಲದ ಮೇಲಿಟ್ಟು, ಮೇಲೆ ಕಂಬಳಿ ಹೊದಿಸೋಳು. ದೂರ ಹೋದವರಿಗೆ ನಮ್ಮಲ್ಲಿ ಹಾಗೆ ಇಡ್ತಾರೆ. ಮನೇಲಿ ಅವನ ಅನ್ನ ಬೆಚ್ಚಗಿದ್ರೆ, ಎಲ್ಲೇ ಇದ್ರೂ ಹಸಿದಿರಲ್ಲ ಅಂತ."

"ಬೆಳಿಗ್ಗೆ ಏನ್ಮಾಡ್ತಿದ್ರಿ ಅದನ್ನ?"

"ನಾನು ತಿಂತಿದ್ದೆ. ಕೊನೇ ಕೂಸಲ್ವಾ. ಬಾರದ ಅಣ್ಣನ ಅನ್ನ ತಿಂದೇ ನಾನು ಇಷ್ಟೆತ್ತರ ಆದದ್ದು." ತನ್ನ ಗಿಡ್ಡ ಮೈಯನ್ನು ತಾನೇ ನೋಡಿಕೊಂಡು, "ಅನ್ನ ಸ್ವಲ್ಪ ಕಮ್ಮಿ ಇತ್ತು ಅನ್ಸುತ್ತೆ," ಎಂದಳು.

ಒಬ್ಬಾಕೆ ಮೂಲಂಗಿ ಕಿಮ್ಚಿ ಕೇಳಿಕೊಂಡು ಬಂದಳು. ಮಲ್‌ಸುನ್ ಎದ್ದುಹೋಗಿ, ಆಕೆಯ ಮೊಣಕಾಲು ನೋವಿನ ವಿಷಯ ಪೂರ್ತಿ ವಿಚಾರಿಸಿ, ಬಂದು ಕೂತಳು.

"ಆಮೇಲೆ ದೊಡ್ಡಪ್ಪ ಶುರುಮಾಡ್ದ. ಎಷ್ಟು ವರ್ಷ ಹೀಗೆ, ಅವನಿಲ್ಲ, ಎಡೆ ಇಡೋಣ, ಹುಡುಗ ಅಲ್ಲಿ ಹಸ್ಕೊಂಡು ಅಲೀತಿರ್ತಾನೆ ಅಂತ. ಅದೂ ಪ್ರೀತಿಗೇ ಹೇಳಿದ್ದು, ತಪ್ಪು ತಿಳೀಬೇಡ. ಸತ್ತ ದಿನ ಗೊತ್ತಿಲ್ಲದವರಿಗೆ ಒಂಬತ್ತನೇ ತಿಂಗಳ ಒಂಬತ್ತನೇ ದಿನ ಎಡೆ ಇಡ್ತಾರೆ. ಇಟ್ರು. ಅಪ್ಪ ಚಮಚ ನೆಟ್ಟ. ಅಮ್ಮ ನೋಡ್ತಾ ನಿಂತಿದ್ಳು, ಅಳ್ಲಿಲ್ಲ, ಕೂಗ್ಲಿಲ್ಲ. ಆ ರಾತ್ರಿ ಬೆಚ್ಚಗಿನ ಜಾಗದಲ್ಲಿ ಬಟ್ಟಲಿರ್ಲಿಲ್ಲ. ಅಮ್ಮನ ಕೈಗೆ ಏನು ಮಾಡ್ಬೇಕು ಅಂತ ತೋಚ್ಲಿಲ್ಲ. ಕೈಯನ್ನ ಹೀಗೆ ತೊಡೆ ಮೇಲಿಟ್ಕೊಂಡು ಕೂತಿದ್ಳು."

ಎಳ್ಳು ಸಿಡಿಯಿತು. ಜನೆಲ್ ಬಾಣಲೆ ಇಳಿಸಿದಳು.

"ಅವನು ಸತ್ತಿದ್ನೋ ಬದುಕಿದ್ನೋ ನನಗೆ ಇವತ್ತಿಗೂ ಗೊತ್ತಿಲ್ಲ," ಎಂದಳು ಮಲ್‌ಸುನ್. "ದೊಡ್ಡಪ್ಪನ ಮಾತೇ ಸರಿ ಇರ್ಬಹುದು. ನಿಂದೇ ಸರಿ ಇರ್ಬಹುದು. ನಾನು ಶಾಸ್ತ್ರ ಹೇಳೋಳಲ್ಲ. ಆದ್ರೆ ಆ ಚಮಚ ಇನ್ನೊಂದು ಸಲ ನಿಲ್ಲೋದನ್ನ ನಾನು ನೋಡಲಾರೆ. ಶನಿವಾರ ಬರಲ್ಲ ಕಣೇ. ಸಿಟ್ಟಿಲ್ಲ."

ಶುಕ್ರವಾರ ಮಧ್ಯಾಹ್ನದ ಬಸ್ಸಿಗೆ ವೈಕೆರಿಯಿಂದ ವೆರ್ನಾ ಬಂದಳು, ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಕಿತ್ತಳೆ ಚೀಲ. ಬಂದವಳು ಕೋಟು ಬಿಚ್ಚುವ ಮೊದಲೇ, "ಪುಸ್ತಕ ತೆಗಿ," ಎಂದಳು.

ಇದು ತಾಯಿಮಗಳ ಹಳೇ ಪದ್ಧತಿ. ಸಂಡೇ ಸ್ಕೂಲಿನ ಕ್ರಿಸ್ಮಸ್ ನಾಟಕದ ಕಾಲದಿಂದಲೂ ಜನೆಲ್ ಮಾತು ಬಾಯಿಪಾಠ ಮಾಡುವುದು ವೆರ್ನಾಳ ಜೊತೆಗೆ. ಊರು ಬಿಟ್ಟ ಮೇಲೆ ಫೋನಿನಲ್ಲಿ. ಪುಸ್ತಕ ಹಿಡಿದು ಉಳಿದವರ ಮಾತನ್ನೆಲ್ಲ ವೆರ್ನಾ ಓದುತ್ತಿದ್ದಳು, ಕಿತ್ತಳೆಯ ದರ ಓದಿದ ಹಾಗೆ, ಏರಿಲ್ಲದೆ ಇಳಿವಿಲ್ಲದೆ. ರಾಣಿಯೂ ಕೊಲೆಗಾರನೂ ಎಲ್ಲರೂ ವೆರ್ನಾನೇ, ಎಂದು ಲಯೊನೆಲ್ ನಗುತ್ತಿದ್ದ. ಈ ನಾಟಕವೊಂದನ್ನು ಮಾತ್ರ ಜನೆಲ್ ಅವಳಿಗೆ ಕಳಿಸಿರಲಿಲ್ಲ. ಇನ್ನೂ ತಿದ್ದುತ್ತಿದ್ದೇನೆ ಎಂದು ಮೂರು ಸಲ, ಅಂಚೆಯವರು ಸರಿಯಿಲ್ಲ ಎಂದು ಒಂದು ಸಲ ಹೇಳಿದ್ದಳು.

"ಬಾಯಿಗೆ ಬಂದಿದೆ ಅಮ್ಮ. ಬೇಡ ಈಗ."

"ಹೋದ ಸಲಾನೂ ಬಂದಿದೆ ಅಂದಿದ್ದೆ, ಎರಡನೇ ಅಂಕದಲ್ಲಿ ಎರಡು ಪುಟ ಹಾರಿಸಿದ್ದೆ. ತೆಗಿ ಅಂದ್ರೆ ತೆಗಿ. ನಾಳೆ ಎರಡು ಗಂಟೆಗಲ್ವಾ? ಅದೇನು ಮಟಮಟ ಮಧ್ಯಾಹ್ನ ನಾಟಕ?"

"ಸಾಯಂಕಾಲ ಹಾಲಲ್ಲಿ ಚೆಂಡು ಉರುಳಿಸೋ ಕ್ಲಬ್ಬಿನವರು ಬರ್ತಾರೆ."

"ನೋಡಿದ್ಯಾ. ಕಲೆ ಅಂದ್ರೆ ಇಷ್ಟೇ ಮರ್ಯಾದೆ."

ಅಡುಗೆಮನೆಯ ಮೇಜಿಗೆ ಎದುರುಬದುರು ಕೂತರು. ವೆರ್ನಾ ಕನ್ನಡಕ ಏರಿಸಿದಳು. ಮೊದಲ ಅರ್ಧಕ್ಕೆ ತುಂಬ ನಕ್ಕಳು. ತೋಟದ ಪ್ರಸಂಗ ಬಂದಾಗ, "ನಿಮ್ಮಪ್ಪ ಹೀಗೆಲ್ಲಿ ಹೇಳಿದ್ದ, ಅದು ನಾನು ಹೇಳಿದ್ದು," ಎಂದು ತಕರಾರು ತೆಗೆದಳು. ಕೊನೆಯ ಹಾಳೆಗೆ ಬಂದಾಗ ಅವಳು ಓದಲಿಲ್ಲ. ಹಾಳೆಯನ್ನು ಬೆಳಕಿಗೆ ಸರಿಸಿಕೊಂಡು ತುಟಿಯಲ್ಲೇ ಓದಿಕೊಂಡಳು. ಆಮೇಲೆ ಕನ್ನಡಕ ತೆಗೆದಳು.

"ಇವಳು ಯಾವಾಗ ತೀರ್ಕೊಂಡ್ಳು?"

"ನಾಟಕದಲ್ಲಿ ಅಮ್ಮ."

"ನಾಟಕದಲ್ಲಿ ಅಂತ ನನಗೂ ಕಾಣುತ್ತೆ. ನಿನಗೆ ಏನಾದ್ರೂ ಸುದ್ದಿ ಬಂತಾ?"

"ಇಲ್ಲ."

ವೆರ್ನಾ ಚೀಲದಿಂದ ಒಂದು ಕಿತ್ತಳೆ ತೆಗೆದು ಸುಲಿಯತೊಡಗಿದಳು. ಅವಳು ಸುಲಿದರೆ ಸಿಪ್ಪೆ ಎಂದೂ ತುಂಡಾಗುತ್ತಿರಲಿಲ್ಲ. ಅವತ್ತು ಮೂರು ಕಡೆ ಹರಿಯಿತು.

"ನನಗೋಸ್ಕರ ಕೊಂದ್ಯಾ ಅವಳನ್ನ?"

ಜನೆಲ್ ಬಾಯಿ ತೆರೆದಳು. ಇಲ್ಲ ಎನ್ನುವುದು ಎಷ್ಟು ಸುಲಭವಾಗಿತ್ತು. ನಟಿ, ಅದನ್ನು ನಂಬುವ ಹಾಗೆ ಹೇಳುವುದೂ ಬರುತ್ತಿತ್ತು. ಆದರೆ ಹಲ್ಲುಜ್ಜುತ್ತಿದ್ದ ಆ ಬೆಳಿಗ್ಗೆ ನೆನಪಾಯಿತು. ಹೆತ್ತವಳು ಸತ್ತಳು ಎಂದುಕೊಂಡ ಮರುಕ್ಷಣ ಕಣ್ಣೆದುರು ಬಂದದ್ದು ಎರಡನೆಯ ಸಾಲಿನಲ್ಲಿ, ಮೊಣಕಾಲು ಚಾಚಲು ಅನುಕೂಲವಾದ ಅಂಚಿನ ಕುರ್ಚಿಯಲ್ಲಿ, ನಿಶ್ಚಿಂತೆಯಾಗಿ ಕೂತ ವೆರ್ನಾ.

"ಪೂರ್ತಿ ಅಲ್ಲ," ಎಂದಳು. "ಸ್ವಲ್ಪ."

"ಹೂಂ." ವೆರ್ನಾ ತೊಳೆಗಳನ್ನು ಬಿಡಿಸಿ ತಟ್ಟೆಯಲ್ಲಿಟ್ಟಳು. "ನಿಜ ಹೇಳ್ಲಾ? ಓದಿದಾಗ ಒಂದು ಗಳಿಗೆ ಎದೆ ಹಗುರಾಯ್ತು. ಸದ್ಯ, ಹೋದ್ಳು ಅಂತ. ನನಗೆ ಎಪ್ಪತ್ತೊಂಬತ್ತು ಕಣೇ, ಈ ವಯಸ್ಸಲ್ಲಿ ಇಂಥಾ ಯೋಚನೆ. ಆಮೇಲೆ ನನ್ನ ಮೇಲೇ ಸಿಟ್ಟು ಬಂತು. ಇನ್ನೂ ಇದೆ, ಸ್ವಲ್ಪ ನಿನ್ನ ಮೇಲೂ."

"ಅಮ್ಮ..."

"ಇರು. ನಾನು ಅವಳ ಜೊತೆ ಮಾತಾಡ್ತಿದ್ದೆ, ಗೊತ್ತಾ ನಿನಗೆ? ಪಾತ್ರೆ ತೊಳೀವಾಗ. ನಿನ್ನ ಹಲ್ಲು ಬಿದ್ದಾಗ ಹೇಳ್ದೆ. ನೀನು ಟ್ರ್ಯಾಕ್ಟರ್ ತಗೊಂಡುಹೋಗಿ ಪಂಪ್‌ಹೌಸಿಗೆ ಗುದ್ದಿದಾಗ, ನೋಡವ್ವಾ, ನಿನ್ನ ಕಡೆಯ ಬುದ್ಧಿ ಇದು ಅಂತ ಹೇಳ್ದೆ. ಸತ್ತವರ ಹತ್ರ ಮಾತಾಡಿದ ಹಾಗಲ್ಲ. ಬೇಲಿ ಆಚೆ ತೋಟದವಳ ಹತ್ರ ಮಾತಾಡಿದ ಹಾಗೆ. ನಿಮ್ಮಪ್ಪ ಒಂದು ಸಲ ಕೇಳಿಸ್ಕೊಂಡು, ಯಾರ ಹತ್ರ ಮಾತಾಡ್ತಿದ್ದೀಯೇ ಅಂದ. ಬೆಕ್ಕಿನ ಹತ್ರ ಅಂದೆ. ನಮ್ಮ ಮನೇಲಿ ಬೆಕ್ಕೇ ಇರ್ಲಿಲ್ಲ."

ಜನೆಲ್‌ಗೆ ನಗು ಬಂತು.

"ಅವಳು ನನಗಿಂತ ಚಿಕ್ಕವಳು," ಎಂದಳು ವೆರ್ನಾ. "ತುಂಬಾ ಚಿಕ್ಕವಳು, ಆ ಕಾಲಕ್ಕೆ ಹುಡುಗಿಯೇ ಇದ್ದಿರಬೇಕು. ಇರ್ತಾಳೆ. ಇಲ್ದಿರಲೂಬಹುದು. ನಾಟಕ ನಿಂದು, ನಾನು ಅದಕ್ಕೆ ಕೈ ಹಾಕಲ್ಲ. ನನಗೋಸ್ಕರ ಅಂತ ಮಾತ್ರ ಮಾಡ್ಬೇಡ. ನಾನು ಆ ಕುರ್ಚೀಲಿ ಕೂತ್ಕೊಂಡು, ಇದು ನನಗೆ ಕೊಟ್ಟ ಉಡುಗೊರೆ ಅಂತ ನೋಡೋಕಾಗಲ್ಲ." ತಟ್ಟೆಯನ್ನು ಮಗಳ ಕಡೆ ಸರಿಸಿದಳು. "ತಿನ್ನು. ಈ ಸಲ ಸಿಹಿಯಾಗಿದೆ."

ಶನಿವಾರ ಬೆಳಿಗ್ಗೆ ಲೆಫ್ಟಿ ಹಳೇ ಅಂಗಡಿಯಿಂದ ತಂದ ಚಮಚ ಕೊಟ್ಟ. ಉದ್ದ ಹಿಡಿಯ ಉಕ್ಕಿನ ಚಮಚ. "ಏನಾದ್ರೂ ಬದಲಾಯಿಸ್ತೀಯಾ?" ಎಂದು ಕೇಳಿದ. ಬದಲಾಯಿಸಬಾರದು ಎಂಬುದು ಅವನ ಮುಖದಲ್ಲೇ ಇತ್ತು.

"ಇಲ್ಲ, ಇದ್ದ ಹಾಗೇ ಇರ್ಲಿ," ಎಂದಳು ಜನೆಲ್. ಆಗ ಅದನ್ನು ಮನಸಾರೆಯೇ ಹೇಳಿದ್ದಳು. ಬದಲಿಗೆ ಏನು ಮಾಡುವುದೆಂದು ಅವಳಿಗೆ ತೋಚಿರಲಿಲ್ಲ. ಬದುಕಿದ್ದವಳಿಗೆ ಮತ್ತೆ ಬಾಗಿಲು ಬರೆಯುವುದಕ್ಕೆ ಸಮಯವೂ ಇರಲಿಲ್ಲ, ಧೈರ್ಯವೂ ಇರಲಿಲ್ಲ.

ಎರಡು ಗಂಟೆಗೆ ಹಾಲಿನಲ್ಲಿ ಮುಕ್ಕಾಲು ಭಾಗ ಜನ ತುಂಬಿದ್ದರು. ಚಳಿಗೆ ಯಾರೂ ಕೋಟು ತೆಗೆದಿರಲಿಲ್ಲ. ಎರಡನೆಯ ಸಾಲಿನ ಅಂಚಿನಲ್ಲಿ ವೆರ್ನಾ. ಪರದೆಯ ಸಂದಿಯಿಂದ ಇಣುಕಿದ ಜನೆಲ್‌ಗೆ, ತೀರಾ ಹಿಂದೆ ಗೋಡೆಗೆ ಒರಗಿ ಕೂತ ಇನ್ನೊಬ್ಬಳೂ ಕಂಡಳು: ಚರ್ಚಿಗೆ ಹಾಕಿಕೊಂಡು ಹೋಗುವ ಕಪ್ಪು ಕೋಟಿನಲ್ಲಿ ಮಲ್‌ಸುನ್. ಬರುವುದಿಲ್ಲ ಎಂದವಳು ಬಾಗಿಲಿಗೆ ಹತ್ತಿರದ ಕುರ್ಚಿಯನ್ನೇ ಹಿಡಿದಿದ್ದಳು, ಎದ್ದುಹೋಗಲು ಅನುಕೂಲವಾಗಲೆಂದು.

ಆಟ ಚೆನ್ನಾಗಿ ನಡೆಯಿತು. ನಗಬೇಕಾದಲ್ಲಿ ನಕ್ಕರು, ನಗಬಾರದ ಒಂದು ಕಡೆಯಲ್ಲೂ ನಕ್ಕರು. ಟೀವಿಯಲ್ಲಿ ಗುಂಡೇಟು ತಿಂದು ಬೀಳುವ ಪ್ರಸಂಗದಲ್ಲಿ ಯಾರೋ ಮುದುಕ ಕೆಮ್ಮುವಷ್ಟು ನಕ್ಕ. ಹಣ್ಣಿನ ಪೆಟ್ಟಿಗೆಯ ಮೇಲೆ ನಿಂತ ಪುಟ್ಟ ಹುಡುಗಿ ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಂಡು, ಇದು ಯಾರದ್ದು ಎಂದು ಕೇಳಿದಾಗ ಹಾಲು ಮೌನವಾಯಿತು. ಆ ಮೌನ ಹಾಗೇ ಉಳಿಯಿತು.

ಕೊನೆಯ ದೃಶ್ಯ. ಮೇಜು, ಮೀನು, ಹಣ್ಣು. ಜನೆಲ್ ಮುಚ್ಚಳ ತೆಗೆದಳು. ಹಬೆ ಎದ್ದಿತು, ಲೆಫ್ಟಿ ಬಯಸಿದ ಹಾಗೆಯೇ ದೀಪದ ಬೆಳಕಿನಲ್ಲಿ ಬೆಳ್ಳಗೆ ಬಿಚ್ಚಿಕೊಂಡಿತು. ಅವಳು ಮಾತು ಹೇಳಿದಳು, ಬರೆದಿದ್ದಂತೆಯೇ, ಒಂದಕ್ಷರ ಆಚೀಚೆಯಿಲ್ಲದೆ: "ಅಮ್ಮಾ, ನಿನ್ನ ಹೆಸರು ನನಗೆ ಗೊತ್ತಿಲ್ಲ. ಹಸಿವು ಮಾತ್ರ ಗೊತ್ತು. ಬಾ, ಊಟಮಾಡು."

ಚಮಚ ಹಿಡಿದ ಕೈ ಬಟ್ಟಲ ಮೇಲೆ ಬಂತು. ಅಲ್ಲಿ ನಿಂತಿತು.

ಅವಳಿಗೆ ಆ ಹೊತ್ತು ಯಾರ ಮುಖವೂ ನೆನಪಾಗಲಿಲ್ಲ. ಊಟಕ್ಕೆ ಕರೆದಾಗಿದೆ ಎಂಬುದೊಂದೇ ತಲೆಯಲ್ಲಿತ್ತು. ಕರೆದ ಮೇಲೆ ಬರುವವರೆಗೆ ಕಾಯಬೇಕಲ್ಲ. ಚಮಚ ನೆಟ್ಟರೆ ಕಾಯುವ ಕೆಲಸ ಮುಗಿಯುತ್ತದೆ, ದೀಪ ಆರುತ್ತದೆ, ಚಪ್ಪಾಳೆ ಬರುತ್ತದೆ, ಎಲ್ಲರೂ ಮನೆಗೆ ಹೋಗುತ್ತಾರೆ. ಎರಡು ವರ್ಷ ಬರೆದ ಆ ಬಾಗಿಲು ತೆರೆಯುವುದೂ ಬೇಕಾಗಿಲ್ಲ, ಮುಚ್ಚುವುದೂ ಬೇಕಾಗಿಲ್ಲ ಎಂದು ಅವಳಿಗೆ ಈಗ, ಇಷ್ಟು ಜನರ ಎದುರಿಗೆ, ತಡವಾಗಿ ಹೊಳೆಯಿತು. ಆ ಹೆಂಗಸು ಏನನ್ನೂ ಮಾಡಬೇಕಾಗಿರಲಿಲ್ಲ. ಮಾಡಬೇಕಾದವಳು ತಾನು.

ಚಮಚವನ್ನು ಬಟ್ಟಲಿನ ಪಕ್ಕದಲ್ಲಿ ಮಲಗಿಸಿದಳು, ಯಾರಾದರೂ ಬಂದು ಕೂತರೆ ಕೈಗೆಟುಕುವ ಹಾಗೆ. ಮುಚ್ಚಳ ಮುಚ್ಚಿದಳು. ಎರಡೂ ಕೈಯಲ್ಲಿ ಬಟ್ಟಲನ್ನೆತ್ತಿ ಮೇಜಿನಿಂದ ಕೆಳಗಿಳಿಸಿ, ರಂಗದ ಹಲಗೆಯ ಮೇಲೆ, ದೀಪದ ಕಾವು ಬೀಳುತ್ತಿದ್ದಲ್ಲಿ ಇಟ್ಟಳು. ಮೈಮೇಲಿದ್ದ ಉಣ್ಣೆಯಂಗಿ ಬಿಚ್ಚಿ ಸುತ್ತಲೂ ಹೊದಿಸಿದಳು. ಪಕ್ಕದಲ್ಲಿ ಕೂತಳು.

ಕತ್ತಲಾಗಲಿಲ್ಲ.

ಚಮಚ ನಿಂತೊಡನೆ ಆರಿಸಬೇಕೆಂದು ಲೆಫ್ಟಿಯ ಬೆರಳು ಗುಂಡಿಯ ಮೇಲೇ ಇತ್ತು. ಚಮಚ ನಿಲ್ಲಲಿಲ್ಲ, ಅವನು ಆರಿಸಲಿಲ್ಲ. ಮರೆತಳೇನೋ, ಮತ್ತೆ ಎದ್ದು ಮಾಡುತ್ತಾಳೇನೋ ಎಂದು ಕಾದ. ಜನೆಲ್ ಏಳಲಿಲ್ಲ. ಒಬ್ಬರು ಎರಡು ಸಲ ಚಪ್ಪಾಳೆ ತಟ್ಟಿ, ಜೊತೆಗೆ ಯಾರೂ ಸೇರದ್ದರಿಂದ ನಿಲ್ಲಿಸಿದರು. ಕುರ್ಚಿಗಳು ಕಿರುಗುಟ್ಟಿದವು. ಜನಕ್ಕೆ ಮುಗಿಯಿತೋ ಇಲ್ಲವೋ ತಿಳಿಯಲಿಲ್ಲ. ಬಟ್ಟಲನ್ನು ನೋಡಿದರು, ಅವಳನ್ನು ನೋಡಿದರು, ಪಕ್ಕದವರನ್ನು ನೋಡಿದರು. ಅವಳಿಗೆ ತೋಳಿನ ಮೇಲೆ ಚಳಿ ಮುಳ್ಳೆದ್ದಿತು. ಇಷ್ಟು ವರ್ಷದಲ್ಲಿ ರಂಗದ ಮೇಲೆ ಮಾಡುವುದಕ್ಕೆ ಏನೂ ಇಲ್ಲದೆ ಅವಳು ಕೂತದ್ದು ಇದೇ ಮೊದಲು.

ಆಮೇಲೆ ಮುಂದಿನ ಸಾಲಿನ ದಂಪತಿ ಎದ್ದರು. ಕಾಯಿಲೆಯವರ ಕೋಣೆಯಿಂದ ಹೊರಡುವವರ ಹಾಗೆ ಸದ್ದಿಲ್ಲದೆ ಹೋದರು. ಅವರ ಹಿಂದೆ ಒಬ್ಬೊಬ್ಬರಾಗಿ, ಇಬ್ಬಿಬ್ಬರಾಗಿ ಉಳಿದವರು. ಬಾಗಿಲಲ್ಲಿ ಕೆಲವರು ತಿರುಗಿ ನೋಡಿದರು.

ಮಲ್‌ಸುನ್ ಎಲ್ಲರೂ ಹೋಗುವ ದಿಕ್ಕಿಗೆ ಎದುರಾಗಿ ನಡೆದುಬಂದಳು. ಮೆಟ್ಟಿಲು ಹತ್ತಿ, ಬಗ್ಗಿ, ಬಟ್ಟಲಿನಿಂದ ಜಾರಿದ್ದ ಉಣ್ಣೆಯಂಗಿಯ ತೋಳೊಂದನ್ನು ಒಳಗೆ ಸಿಕ್ಕಿಸಿದಳು. "ಹೀಗೆ ಬಿಟ್ರೆ ಕಾವು ಹೋಗುತ್ತೆ," ಎಂದಳು. ಇನ್ನೇನೋ ಹೇಳಲು ಹೊರಟು, ಜನೆಲ್‌ಳ ತಲೆಯ ಮೇಲೆ ಒಂದು ಕ್ಷಣ ಕೈಯಿಟ್ಟು, ಇಳಿದುಹೋದಳು. ಬಾಗಿಲಿನವರೆಗೂ ಅವಳು ಮೂಗು ಒರೆಸಿಕೊಳ್ಳುವ ಸದ್ದು ಕೇಳಿಸುತ್ತಿತ್ತು.

ಹಾಲಿನಲ್ಲಿ ಪ್ರೇಕ್ಷಕರ ಪೈಕಿ ವೆರ್ನಾ ಒಬ್ಬಳೇ ಉಳಿದಳು. ಊರುಗೋಲೂರಿ ಎದ್ದು, ಮೂರು ಮೆಟ್ಟಿಲನ್ನು ಒಂದೊಂದಾಗಿ ಹತ್ತಿ, ಬಟ್ಟಲಿನ ಆಚೆ ಬದಿಗೆ ಬಂದಳು. ನೆಲಕ್ಕೆ ಕೂರಲು ಮೊಣಕಾಲು ಕೇಳಲಿಲ್ಲ. ಎಡೆಯ ಮೇಜಿನ ಅಂಚಿಗೆ ಒರಗಿ ನಿಂತಳು.

"ಎಷ್ಟು ಹೊತ್ತು ಹೀಗೆ?" ಎಂದು ಹಿಂದಿನಿಂದ ಲೆಫ್ಟಿ ಕೇಳಿದ. ಅವನ ದನಿಯಲ್ಲಿ ಗದರಿಕೆ ಇರಲಿಲ್ಲ. ನಿಜವಾಗಿ ತಿಳಿಯಬೇಕಾಗಿತ್ತು ಅವನಿಗೆ, ನಾಳೆಯೂ ಆಟವಿತ್ತು.

"ಗೊತ್ತಿಲ್ಲ ಲೆಫ್ಟಿ."

"ಬಿಸಿ ಇದೆಯೇನೇ ಇನ್ನೂ?" ಎಂದಳು ವೆರ್ನಾ.

ಜನೆಲ್ ಅಂಗಿಯ ಕೆಳಗೆ ಕೈ ತೂರಿಸಿ ನೋಡಿದಳು. "ಇದೆ."

"ಸರಿ ಹಾಗಾದ್ರೆ," ಎಂದ ವೆರ್ನಾ ಊರುಗೋಲನ್ನು ಮೇಜಿಗೆ ಆನಿಸಿ, ಎರಡೂ ಕೈಯಿಂದ ಕೋಟಿನ ಗುಂಡಿ ಹಾಕಿಕೊಂಡು, ಬಾಗಿಲಿನ ಕಡೆ ಮುಖ ಮಾಡಿ ನಿಂತಳು.

ಲೆಫ್ಟಿ ಗುಂಡಿಯ ಮೇಲಿನ ಬೆರಳು ತೆಗೆದ. ದೀಪ ಉರಿಯುತ್ತಲೇ ಇತ್ತು.